ಹತ್ತು ನಿಮಿಷದಲ್ಲಿ ಸರಿಹೋದ ಕೈ

ಪ್ರಶ್ನೆ: ನನಗೆ 61 ವರ್ಷ. ಊರು ಉಡುಪಿ ಹತ್ತಿರದ ಕಟಪಾಡಿ. ಆರು ವರ್ಷದಿಂದ ಬಿ.ಪಿ.ಗೆ ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5 ತೆಗೆದುಕೊಳ್ಳುತ್ತಿದ್ದೇನೆ. ನಾಲ್ಕು ತಿಂಗಳ ಹಿಂದೆ ಕ್ಲಿನಿಕ್‌ನಲ್ಲಿ 170 ಬಂತೆಂದು ಕ್ಲೋರ್‌ಥಾಲಿಡೋನ್ ಸೇರಿಸಿದರು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಬೆಳಿಗ್ಗೆ ಗ್ಯಾಸ್ ಮಾತ್ರೆ, ಪ್ರಾಸ್ಟೇಟ್‌ಗೆಂದು ರಾತ್ರಿ ಟ್ಯಾಮ್ಸುಲೋಸಿನ್ ಉಂಟು. ಮೂರು ತಿಂಗಳಿಂದ ರಾತ್ರಿ ಬಲಗೈ ಬೆರಳು ಜೋಮು ಹಿಡಿಯುತ್ತದೆ. ಬೆಳಿಗ್ಗೆ ಏಳುವಾಗ ಕಣ್ಣು ಕತ್ತಲೆ ಕಟ್ಟುತ್ತದೆ. ಅಂಗಾಲು ಚಾಪೆಯ ಮೇಲೆ ನಡೆದಂತೆ ದಪ್ಪ ಅನಿಸುತ್ತದೆ. ಮೂರು ವಾರದ ಹಿಂದೆ ಮಧ್ಯಾಹ್ನ ಊಟಕ್ಕೆ ಕೂತಾಗ ಬಲಗೈಯ ತುತ್ತು ಕೆಳಗೆ ಬಿತ್ತು, ಹೆಂಡತಿಯನ್ನು ಕರೆಯಲು ಹೋದರೆ ಮಾತು ಬರಲಿಲ್ಲ. ಹತ್ತು ನಿಮಿಷದಲ್ಲಿ ತಾನಾಗಿಯೇ ಹೋಯಿತು. ‘ಬಿ.ಪಿ. ಮಾತ್ರೆ ನರವನ್ನು ತಿನ್ನುತ್ತದೆ, ಬಿಟ್ಟುಬಿಡು’ ಎನ್ನುತ್ತಾರೆ ಸಂಬಂಧಿಕರು. ಊರಿನ ವೈದ್ಯರು ನರಕ್ಕೆಂದು ಐದು ಇಂಜೆಕ್ಷನ್ ಕೊಟ್ಟು, ತಲೆ ತಿರುಗಿಗೆ ಮಾತ್ರೆ ಬರೆದಿದ್ದಾರೆ. ಇದೆಲ್ಲ ಮಾತ್ರೆಯಿಂದಲೇ? ನಿಲ್ಲಿಸಬಹುದೇ? ಎಂಆರ್‌ಐ ಬೇಕೇ?

ಉತ್ತರ: ನೀವು ಕೊನೆಗೆ ಬರೆದು ‘ತಾನಾಗಿಯೇ ಹೋಯಿತು’ ಎಂದು ಮುಗಿಸಿದ ಸಂಗತಿಯನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಉಳಿದ ಮೂರಕ್ಕೆ ನಾಲ್ಕು ದಿನ ತಡವಾದರೂ ನಡೆಯುತ್ತದೆ. ಇದಕ್ಕೆ ನಡೆಯುವುದಿಲ್ಲ. ನಾಳೆಯೇ ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ ನರರೋಗ ತಜ್ಞರನ್ನು ಕಾಣಬೇಕು. ಅಲ್ಲಿಯವರೆಗೆ ಸ್ಕೂಟರ್ ಓಡಿಸಬೇಡಿ.

ಬಲಗೈ ಮತ್ತು ಮಾತು ಒಟ್ಟಿಗೆ ಕೈಕೊಟ್ಟರೆ ಅದರ ಅರ್ಥ ಬಹಳ ಸ್ಪಷ್ಟ. ಹೆಚ್ಚಿನವರಲ್ಲಿ ಇವೆರಡನ್ನೂ ನಡೆಸುವುದು ಮೆದುಳಿನ ಎಡಭಾಗ. ಅಲ್ಲಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ನಿಂತು, ಮತ್ತೆ ಹರಿದಿದೆ ಎಂದೇ ಹಿಡಿಯಬೇಕು. ಇದನ್ನು ನಾವು ಟಿಐಎ ಎನ್ನುತ್ತೇವೆ. ಜನ ಮಿನಿ ಸ್ಟ್ರೋಕ್ ಎನ್ನುತ್ತಾರೆ. ‘ಮಿನಿ’ ಎಂಬ ಮಾತು ನನಗೆ ಹಿಡಿಸುವುದಿಲ್ಲ. ಅದನ್ನು ಕೇಳಿದವರು ಬಚಾವಾದೆವು ಎಂದುಕೊಂಡು ಮನೆಯಲ್ಲೇ ಉಳಿಯುತ್ತಾರೆ. ಟಿಐಎ ಆದವರಲ್ಲಿ ನಿಜವಾದ ಪಾರ್ಶ್ವವಾಯುವಿನ ಅಪಾಯ ಅತಿ ಹೆಚ್ಚಿರುವುದು ಮೊದಲ ಎರಡು ದಿನ, ಆಮೇಲೆ ಮೊದಲ ಕೆಲವು ವಾರ. ನೀವು ಆ ಎರಡು ದಿನ ದಾಟಿದ್ದೀರಿ, ಅದು ಸಮಾಧಾನದ ವಿಷಯ. ಆದರೆ ರಕ್ತ ಯಾಕೆ ನಿಂತಿತು ಎಂಬ ಕಾರಣ ಇನ್ನೂ ಅಲ್ಲೇ ಕೂತಿರಬಹುದು.

ಟಿಐಎಯಂತೆ ಕಾಣುವ ಬೇರೆಯವೂ ಉಂಟು. ಸಕ್ಕರೆ ತುಂಬಾ ಇಳಿದರೆ ಹೀಗಾಗಬಹುದು. ಮೈಗ್ರೇನ್‌ನಲ್ಲಿ ಜೋಮು ಬೆರಳಿನಿಂದ ಮೊಣಕೈಗೆ, ಅಲ್ಲಿಂದ ತುಟಿಗೆ ಹತ್ತಿಪ್ಪತ್ತು ನಿಮಿಷ ತೆಗೆದುಕೊಂಡು ಮೆಲ್ಲಗೆ ಏರುತ್ತದೆ. ಫಿಟ್ಸ್ ಆದರೆ ಕೈ ಅದುರುತ್ತದೆ. ಟಿಐಎಯಲ್ಲಿ ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ಶಕ್ತಿ ಹೋಗುತ್ತದೆ. ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ನಿಮ್ಮ ಹೆಂಡತಿಯನ್ನು ಕರೆದುಕೊಂಡೇ ಹೋಗಿ. ಮಾತು ತೊದಲಿತೋ, ಶಬ್ದವೇ ಸಿಗಲಿಲ್ಲವೋ, ಬಾಯಿ ಒಂದು ಬದಿಗೆ ಸೊಟ್ಟಗಾಗಿತ್ತೋ, ಇದನ್ನು ಎದುರಿಗೆ ಕೂತು ನೋಡಿದವರು ಅವರು. ಆ ಸಾಕ್ಷಿ ಎಷ್ಟೋ ಸಲ ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತದೆ.

ಇನ್ನು ಎಂಆರ್‌ಐ. ಬೇಕು, ಆದರೆ ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ತಿಳಿದು ಮಾಡಿಸಿ. ಮೆದುಳಿನಲ್ಲಿ ರಕ್ತಸ್ರಾವ ಆಗಿದೆಯೇ ಎಂಬುದನ್ನು ಸಿಟಿ ಸ್ಕ್ಯಾನ್ ಕೂಡಲೇ ತೋರಿಸುತ್ತದೆ. ರಕ್ತ ನಿಂತು ಹಾಳಾದ ಸಣ್ಣ ಜಾಗ ಸಿಟಿಯಲ್ಲಿ ತಪ್ಪಿಹೋಗಬಹುದು. ಎಂಆರ್‌ಐಯ ಡಿಫ್ಯೂಷನ್ ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ಆ ಹೊಳಪು ಸುಮಾರು ಎರಡು ವಾರದೊಳಗೆ ಮಸುಕಾಗುತ್ತದೆ. ನಿಮಗೆ ಮೂರು ವಾರ ಕಳೆದಿದೆ, ಹಾಗಾಗಿ ‘ಹೊಸದೇನೂ ಇಲ್ಲ’ ಎಂದು ವರದಿ ಬರುವ ಸಾಧ್ಯತೆ ಹೆಚ್ಚು. ಅಂಥ ವರದಿ ಹಿಡಿದು, ಏನೂ ಆಗಿರಲಿಲ್ಲ ಎಂದು ಮನೆಗೆ ಹೋಗಬೇಡಿ. ವರದಿಯಲ್ಲಿ ‘ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್’ ಎಂದಿದ್ದರೆ ಗಾಬರಿಯೂ ಬೇಡ. ವರ್ಷಗಟ್ಟಲೆ ಬಿ.ಪಿ. ಇದ್ದವರ ಮೆದುಳಿನ ಸಣ್ಣ ರಕ್ತನಾಳಗಳ ಸುತ್ತ ಬೀಳುವ ಹಳೆಯ ಗುರುತು ಅದು. ಬಿ.ಪಿ.ಯನ್ನು ಇನ್ನೂ ಚೆನ್ನಾಗಿ ಹಿಡಿತದಲ್ಲಿಡಿ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಕಾರಣ ಬೇಡ.

ನಿಮ್ಮ ಚಿಕಿತ್ಸೆಯ ದಾರಿಯನ್ನು ಬದಲಿಸಬಲ್ಲವು ಇನ್ನೆರಡು ಪರೀಕ್ಷೆ. ಒಂದು, ಕತ್ತಿನ ರಕ್ತನಾಳಗಳ ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್. ಮೆದುಳಿಗೆ ರಕ್ತ ಒಯ್ಯುವ ಎಡ ಕೆರೋಟಿಡ್ ನಾಳ ಶೇಕಡಾ 70ಕ್ಕಿಂತ ಹೆಚ್ಚು ಕಟ್ಟಿಕೊಂಡಿದ್ದರೆ ಅದನ್ನು ತೆರೆಯುವ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ, ಅದರ ಪೂರ್ತಿ ಲಾಭ ಸಿಗುವುದು ಮೊದಲ ಎರಡು ವಾರದಲ್ಲಿ ಮಾಡಿದರೆ, ಆಮೇಲೆ ತಡವಾದಷ್ಟೂ ಲಾಭ ಕಡಿಮೆ. ನಾಳೆಯೇ ಹೋಗಿ ಎಂದು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ. ಇನ್ನೊಂದು, ಹೃದಯದ ಲಯ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತಾಳ ತಪ್ಪಿದ ಬಡಿತ ಬಿ.ಪಿ. ಇರುವವರಲ್ಲಿ ಹೆಚ್ಚು. ಅದು ಬಂದು ಹೋಗುತ್ತಿದ್ದರೆ ಹತ್ತು ಸೆಕೆಂಡಿನ ಇಸಿಜಿ ಹಾಳೆಯಲ್ಲಿ ಸಿಕ್ಕಿಬೀಳುವುದಿಲ್ಲ. ಬಡಿತವನ್ನು ಬಿಡದೆ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿಕೊಂಡು ಕನಿಷ್ಠ 24 ಗಂಟೆ ಕಾಯಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು ದಿನ. ಇದು ಸಿಕ್ಕರೆ ಆಸ್ಪಿರಿನ್ ಸಾಲದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬೇರೆಯೇ ಬಗೆಯ ಔಷಧಿ ಬೇಕಾಗುತ್ತದೆ. ಜೊತೆಗೆ ಹೃದಯದ ಎಕೋ ಸ್ಕ್ಯಾನ್, ಕೊಲೆಸ್ಟರಾಲ್, ಮೂರು ತಿಂಗಳ ಸಕ್ಕರೆಯ ಸರಾಸರಿ ಇದ್ದೇ ಇರುತ್ತವೆ.

ಈಗ ಮಾತ್ರೆ ನಿಲ್ಲಿಸುವ ವಿಷಯ. ಬೇಡ. ಟೆಲ್ಮಿಸಾರ್ಟನ್, ಆಮ್ಲೋಡಿಪಿನ್ ನರವನ್ನು ತಿನ್ನುವುದಿಲ್ಲ. ಮೇಲಿನ ಸಂಖ್ಯೆ 10 ಇಳಿದರೆ ಪಾರ್ಶ್ವವಾಯುವಿನ ಸಾಧ್ಯತೆ ಸುಮಾರು ಕಾಲು ಭಾಗ ತಗ್ಗುತ್ತದೆ. ಟಿಐಎ ಆದ ಮೇಲೆ ಬಿ.ಪಿ. ಮಾತ್ರೆಯನ್ನು ಒಮ್ಮೆಲೇ ಬಿಡುವುದೆಂದರೆ ಮಳೆ ಹಿಡಿದ ಹೊತ್ತಿನಲ್ಲಿ ಮಾಡಿನ ಹಂಚು ಇಳಿಸಿದ ಹಾಗೆ.

ಆದರೆ ನಿಮ್ಮ ಸಂಬಂಧಿಕರ ಮಾತಿನಲ್ಲಿ ಒಂದು ಎಳೆ ಸತ್ಯ ಉಂಟು. ಬೆಳಿಗ್ಗೆ ಏಳುವಾಗ ಕತ್ತಲೆ ಕಟ್ಟುವುದು ಔಷಧಿಯಿಂದಲೇ ಇರಬಹುದು. ಕುಂದಾಪುರ ಕಡೆಯ ಒಬ್ಬ ಅಮ್ಮನ ವಿಷಯ ಹೇಳುತ್ತೇನೆ. ಬಚ್ಚಲಲ್ಲಿ ಎರಡು ಸಲ ಬಿದ್ದಿದ್ದರು. ಕತ್ತಿನ ಎಕ್ಸ್‌ರೇ ಆಗಿತ್ತು, ಮೆದುಳಿನ ಸ್ಕ್ಯಾನ್ ಆಗಿತ್ತು, ‘ಸರ್ವೈಕಲ್’ ಎಂದು ಕತ್ತಿಗೆ ಪಟ್ಟಿಯೂ ಬಿದ್ದಿತ್ತು. ಮನೆಯಲ್ಲಿರುವ ಎಲ್ಲ ಮಾತ್ರೆ ತನ್ನಿ ಎಂದೆ. ಮುಂದಿನ ಸಲ ಬಟ್ಟೆಯಂಗಡಿಯ ಚೀಲವೊಂದನ್ನು ತಂದು ಮೇಜಿನ ಮೇಲೆ ಸುರಿದರು. ಒಂದೊಂದೇ ಪಟ್ಟಿಯನ್ನು ತಿರುಗಿಸಿ, ಬೆಳ್ಳಿ ಹಾಳೆಯ ಮೇಲಿನ ಸಣ್ಣ ಅಕ್ಷರ ಓದುತ್ತಾ ಸಾಲಾಗಿ ಜೋಡಿಸಿದೆವು. ಎರಡು ಪಟ್ಟಿ, ಎರಡು ಕಂಪೆನಿ, ಎರಡು ಬಣ್ಣ; ಒಳಗಿದ್ದದ್ದು ಒಂದೇ ಟೆಲ್ಮಿಸಾರ್ಟನ್. ಒಂದನ್ನು ಊರಿನ ವೈದ್ಯರು ಬರೆದಿದ್ದರು, ಇನ್ನೊಂದು ಪೇಟೆಯ ಆಸ್ಪತ್ರೆಯದ್ದು. ಮಲಗಿಸಿ ನೋಡಿದಾಗ ಬಿ.ಪಿ. 148, ಎದ್ದು ನಿಂತ ಒಂದು ನಿಮಿಷಕ್ಕೆ 104. ಮೇಜಿನ ಅಂಚು ಹಿಡಿದುಕೊಂಡು, ‘ಇದೇ ಡಾಕ್ಟ್ರೇ, ಹೀಗೇ ಆಗುವುದು’ ಎಂದರು. ಅಷ್ಟು ಖರ್ಚಿನ ನಡುವೆ ಅವರನ್ನು ನಿಲ್ಲಿಸಿ ಯಾರೂ ಬಿ.ಪಿ. ನೋಡಿರಲಿಲ್ಲ. ನನ್ನ ಮೊದಲ ವರ್ಷಗಳಲ್ಲಿ ನಾನೂ ಕುರ್ಚಿಯಲ್ಲಿ ಕೂರಿಸಿಯೇ ನೋಡಿ ಕಳಿಸುತ್ತಿದ್ದೆ. ಆಗ ಎಷ್ಟು ಜನರದ್ದು ತಪ್ಪಿಹೋಗಿದೆಯೋ ಎಂದು ಈಗಲೂ ನೋವಾಗುತ್ತದೆ.

ನೀವು ಇದನ್ನು ಮನೆಯಲ್ಲೇ ನೋಡಬಹುದು. ತೋಳಿಗೆ ಕಟ್ಟುವ ಯಂತ್ರ ಇರಲಿ, ಮಣಿಕಟ್ಟಿನದ್ದು ಬೇಡ. ಬೆಳಿಗ್ಗೆ ಐದು ನಿಮಿಷ ಮಲಗಿ ಒಮ್ಮೆ ನೋಡಿ. ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಹತ್ತಿರ ಯಾರಾದರೂ ಇರಲಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದ್ದು 10 ಇಳಿದರೆ ಅದು ಲೆಕ್ಕಕ್ಕೆ ಬರುವ ಇಳಿತ. ಯಂತ್ರ ತೋರಿಸುವ ನಾಡಿಯನ್ನೂ ಬರೆದಿಡಿ. ಬಿ.ಪಿ. ಬಿದ್ದಾಗ ನಾಡಿ ಓಡಿದರೆ ಮೈಯಲ್ಲಿ ನೀರು ಕಡಿಮೆಯೋ ಔಷಧಿ ಹೆಚ್ಚೋ ಆಗಿರುತ್ತದೆ. ನಾಡಿ ಏರದೆ ಇದ್ದಲ್ಲೇ ಇದ್ದರೆ, ರಕ್ತನಾಳವನ್ನು ಬಿಗಿ ಹಿಡಿಯುವ ನರಗಳೇ ಸೋತಿವೆ ಎಂಬ ಸಂಶಯ. ಸಕ್ಕರೆ ಕಾಯಿಲೆ ಹಳತಾದಾಗ ಹೀಗಾಗುತ್ತದೆ.

ನಿಮ್ಮ ಪಟ್ಟಿಯಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ರಾತ್ರಿಯ ಟ್ಯಾಮ್ಸುಲೋಸಿನ್. ಅದನ್ನು ಯಾರೂ ಬಿ.ಪಿ. ಮಾತ್ರೆಯೆಂದು ಎಣಿಸುವುದಿಲ್ಲ, ಬಿ.ಪಿ. ನೋಡುವ ವೈದ್ಯರಿಗೆ ಹೇಳುವುದೂ ಇಲ್ಲ. ಆದರೆ ನಿಂತಾಗ ಬಿ.ಪಿ. ಇಳಿಸುವ ಗುಣ ಅದಕ್ಕೂ ಉಂಟು. ಅದರ ಮೇಲೆ ಮೂತ್ರ ಹೆಚ್ಚಿಸುವ ಕ್ಲೋರ್‌ಥಾಲಿಡೋನ್, ಅದರ ಮೇಲೆ ನಮ್ಮ ಕರಾವಳಿಯ ಸೆಕೆ. ಏಪ್ರಿಲ್, ಮೇನಲ್ಲಿ ಸುಮ್ಮನೆ ಕೂತರೂ ಅಂಗಿ ಒದ್ದೆಯಾಗುವ ಊರು ನಮ್ಮದು. ಇಷ್ಟಾದ ಮೇಲೆ ಹಂಡೆಯ ಸುಡುನೀರು ಮೀಯುವ ಅಭ್ಯಾಸ. ಬಿಸಿನೀರಿಗೆ ಚರ್ಮದ ರಕ್ತನಾಳ ಹಿಗ್ಗುತ್ತದೆ, ಬಿ.ಪಿ. ಇನ್ನಷ್ಟು ಇಳಿಯುತ್ತದೆ. ಬಚ್ಚಲಲ್ಲಿ ಬೀಳುವವರು ನಮ್ಮಲ್ಲಿ ಇಷ್ಟೊಂದು ಇರುವುದಕ್ಕೆ ಪಾಚಿಯ ಜೊತೆ ಇದೂ ಕಾರಣ. ಸದ್ಯಕ್ಕೆ ಉಗುರು ಬೆಚ್ಚಗಿನ ನೀರಿನಲ್ಲಿ, ಸ್ಟೂಲಿನ ಮೇಲೆ ಕೂತು ಮೀಯಿರಿ. ಹಾಸಿಗೆಯಿಂದ ಏಳುವಾಗ ಎರಡು ನಿಮಿಷ ಕಾಲು ಇಳಿಬಿಟ್ಟು ಕೂತು ಏಳಿ.

ಕ್ಲೋರ್‌ಥಾಲಿಡೋನ್‌ನ ಇನ್ನೊಂದು ಮುಖ, ರಕ್ತದ ಸೋಡಿಯಂ, ಪೊಟ್ಯಾಶಿಯಂ ಇಳಿಸುವುದು. ಬಿ.ಪಿ. ಎಂದು ಗೊತ್ತಾದ ದಿನದಿಂದ ಗಂಜಿಗೆ ಉಪ್ಪೇ ಹಾಕದವರು, ಬಿಸಿಲೆಂದು ದಿನಕ್ಕೆ ನಾಲ್ಕೈದು ಲೀಟರ್ ನೀರು ಕುಡಿಯುವವರು ನಮ್ಮಲ್ಲಿ ಬಹಳ. ಈ ಮಾತ್ರೆಯ ಜೊತೆ ಇವೆರಡೂ ಸೇರಿದರೆ ರಕ್ತದ ಸೋಡಿಯಂ 135ರಿಂದ ಕೆಳಗೆ ಜಾರಬಹುದು. 125ರ ಆಸುಪಾಸಿಗೆ ಬಂದರೆ ಓಲಾಟ, ಮಂಪರು, ಹೆಸರು ನೆನಪಾಗದಿರುವುದು, ಇನ್ನೂ ಇಳಿದರೆ ಫಿಟ್ಸ್. ಮಕ್ಕಳು ‘ಅಪ್ಪನಿಗೆ ಮರೆವು ಶುರುವಾಯಿತು’ ಎಂದು ಕರೆತರುತ್ತಾರೆ, ನೋಡಿದರೆ ಸೋಡಿಯಂ. ಹಾಗೆಂದು ಉಪ್ಪಿನಕಾಯಿಗೂ ಒಣಮೀನಿಗೂ ಮರಳಿ ಹೋಗಬೇಕಾಗಿಲ್ಲ. ದಿನಕ್ಕೆ ಒಟ್ಟು ಒಂದು ಚಹಾ ಚಮಚದಷ್ಟು, ಅಂದರೆ ಸುಮಾರು 5 ಗ್ರಾಂ ಉಪ್ಪಿನೊಳಗೆ ಇದ್ದರೆ ಸಾಕು. ಅಂಗಡಿಯಲ್ಲಿ ‘ಲೋ ಸೋಡಿಯಂ’ ಎಂದು ಸಿಗುವ ಉಪ್ಪನ್ನು ಮಾತ್ರ ವೈದ್ಯರನ್ನು ಕೇಳದೆ ಬಳಸಬೇಡಿ. ಅದರಲ್ಲಿ ಸೋಡಿಯಂನ ಒಂದು ಪಾಲಿನ ಬದಲು ಇರುವುದು ಪೊಟ್ಯಾಶಿಯಂ. ಟೆಲ್ಮಿಸಾರ್ಟನ್ ಪೊಟ್ಯಾಶಿಯಂ ಅನ್ನು ಮೈಯಲ್ಲೇ ಉಳಿಸುತ್ತದೆ, ಮೂತ್ರಪಿಂಡ ಸ್ವಲ್ಪ ದುರ್ಬಲವಾಗಿದ್ದರೂ ಅದು ಹೃದಯಕ್ಕೆ ಅಪಾಯದ ಮಟ್ಟ ಮುಟ್ಟಬಹುದು.

ನನ್ನನ್ನು ಕಾಡುವ ಇನ್ನೊಂದು ಪ್ರಶ್ನೆ, ಆ ಮೂರನೆಯ ಮಾತ್ರೆ ನಿಮಗೆ ನಿಜವಾಗಿ ಬೇಕಿತ್ತೇ ಎಂಬುದು. ಕ್ಲಿನಿಕ್‌ನಲ್ಲಿ ಒಮ್ಮೆ 170 ಬಂತು ಎಂದಿದ್ದೀರಿ. ಬಸ್ಸಿಳಿದು ನಡೆದು ಬಂದು, ಟೋಕನ್‌ಗೆ ಕಾದು, ಡಾಕ್ಟರ ಮುಖ ನೋಡಿದ ಕೂಡಲೇ 20–30 ಏರುವವರಿದ್ದಾರೆ. ಒಂದು ವಾರ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ, ಐದು ನಿಮಿಷ ಬೆನ್ನು ಆನಿಸಿ ಕೂತು ಎರಡೆರಡು ಸಲ ನೋಡಿ ಬರೆದಿಡಿ. ಮನೆಯ ಸರಾಸರಿ 135/85ಕ್ಕಿಂತ ಮೇಲೆಯೇ ಇದ್ದರೆ ಮಾತ್ರೆ ಬೇಕಾದದ್ದೇ. ಬಹಳ ಕೆಳಗಿದ್ದರೆ ಕಡಿಮೆ ಮಾಡುವುದನ್ನು ವೈದ್ಯರು ನಿರ್ಧರಿಸುತ್ತಾರೆ. ಮೊದಲ ದಿನ ಎರಡೂ ತೋಳಿನಲ್ಲಿ ನೋಡಿ. ಎರಡರ ನಡುವೆ 15ಕ್ಕಿಂತ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಬಂದರೆ ಒಂದು ಕಡೆಯ ರಕ್ತನಾಳ ಕಿರಿದಾಗಿದೆಯೇ ಎಂದು ನೋಡಬೇಕಾಗುತ್ತದೆ, ನಿಮ್ಮಂಥ ಸ್ಥಿತಿಯಲ್ಲಿ ಅದು ಮುಖ್ಯ. ಈ ಒಂದು ವಾರದ ಲೆಕ್ಕಕ್ಕಾಗಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ, ಅದು ಜೊತೆಜೊತೆಗೆ ನಡೆಯಲಿ.

ರಾತ್ರಿಯ ಕೈ ಜೋಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ಕಿರುಬೆರಳು ಸರಿಯಾಗಿದ್ದು, ಎದ್ದು ಕೈ ಕೊಡವಿದರೆ ಬಿಡುತ್ತದೆಯಾದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಕಾರ್ಪಲ್ ಟನಲ್. ನಮ್ಮ ಜಿಲ್ಲೆಗಳಲ್ಲಿ ಬೀಡಿ ಕಟ್ಟಿದ ಹೆಂಗಸರ ಕೈಯಲ್ಲಿ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಸಕ್ಕರೆ ಕಾಯಿಲೆಯವರಿಗೂ ಬರುತ್ತದೆ. ನರದ ವೇಗ ಅಳೆಯುವ ಪರೀಕ್ಷೆ ಮಾಡಿಸಿ, ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿದರೆ ಹೆಚ್ಚಿನವರಿಗೆ ಆರಾಮ. ಮೂರು ತಿಂಗಳಿಂದ ರಾತ್ರಿ ಬಂದು ಕೊಡವಿದರೆ ಹೋಗುವ ಈ ಜೋಮಿಗೂ, ಒಂದು ಮಧ್ಯಾಹ್ನ ಒಮ್ಮೆಲೇ ತುತ್ತು ಬೀಳಿಸಿದ ಆ ಬಲಹೀನತೆಗೂ ಸಂಬಂಧವಿಲ್ಲ. ಎರಡೂ ಅದೇ ಬಲಗೈಯಲ್ಲಿ ಆದದ್ದರಿಂದ ನೀವು ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದೀರಿ.

ಅಂಗಾಲಿನದ್ದು ಬೇರೆ. ಎರಡೂ ಪಾದ ಸಮನಾಗಿ, ಬೆರಳ ತುದಿಯಿಂದ ಶುರುವಾಗಿ ಮೇಲೇರುವ ದಪ್ಪತನಕ್ಕೆ ನಿಮ್ಮಲ್ಲಿ ಎರಡು ಕಾರಣ ಸಿದ್ಧವಾಗಿವೆ: ಸಕ್ಕರೆ, ಮತ್ತು ವಿಟಮಿನ್ ಬಿ-12 ಕೊರತೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದರೆ ಬಿ-12 ಇಳಿಯುತ್ತದೆ, ದಿನಾ ತಿನ್ನುವ ಗ್ಯಾಸ್ ಮಾತ್ರೆ ಇನ್ನಷ್ಟು ಇಳಿಸುತ್ತದೆ. ಅದು ಮೆಗ್ನೀಷಿಯಂ ಅನ್ನೂ ಇಳಿಸಬಲ್ಲದು. ನೀವು ಸಸ್ಯಾಹಾರಿಯೋ ಅಲ್ಲವೋ ಬರೆದಿಲ್ಲ, ಹೌದಾದರೆ ಸಂಶಯ ದುಪ್ಪಟ್ಟು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಓಲಾಡುತ್ತೀರಾ, ಗಮನಿಸಿ. ಕಾಲಿನ ನರ ನೆಲದ ಸುದ್ದಿ ಮೆದುಳಿಗೆ ಮುಟ್ಟಿಸದಿದ್ದಾಗ ನಾವು ಕಣ್ಣನ್ನೇ ನಂಬಿ ನಿಂತಿರುತ್ತೇವೆ. ವೈದ್ಯರು ನಿಮ್ಮ ಕಾಲಿನ ಹೆಬ್ಬೆರಳ ಗಂಟಿಗೆ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಒತ್ತಿ ಹಿಡಿದು, ಅದುರುವುದು ಗೊತ್ತಾಗುತ್ತದೆಯೇ ಎಂದು ಕೇಳಬೇಕು. ಕೇಳದಿದ್ದರೆ ನೀವೇ ನೆನಪಿಸಿ.

ಬೇಸರದ ಸಂಗತಿಯೆಂದರೆ, ರಕ್ತ ನೋಡುವ ಮೊದಲೇ ಇಂಜೆಕ್ಷನ್ ಆಗಿಬಿಟ್ಟಿದೆ. ನರಕ್ಕೆಂದು ಕೊಡುವ ಇಂಜೆಕ್ಷನ್ ಸಾಮಾನ್ಯವಾಗಿ ಬಿ-12ವೇ. ಈಗ ಅಳೆದರೆ ಮಟ್ಟ ಚೆನ್ನಾಗಿಯೇ ಬರುತ್ತದೆ, ನೋಡಿದವರು ಕೊರತೆ ಇಲ್ಲ ಎಂದು ಬರೆಯುತ್ತಾರೆ. ಕೊನೆಯ ಇಂಜೆಕ್ಷನ್ ಯಾವ ತಾರೀಖು ಎಂದು ತಪ್ಪದೆ ಹೇಳಿ. ಅದಕ್ಕೆ ಮೊದಲಿನ ಹಳೆಯ ರಕ್ತ ಪರೀಕ್ಷೆಯ ಹಾಳೆ ಇದ್ದರೆ ತೆಗೆದುಕೊಂಡು ಹೋಗಿ. ಕೆಂಪು ರಕ್ತಕಣದ ಗಾತ್ರ ದೊಡ್ಡದಿತ್ತೇ ಎಂಬುದರಿಂದಲೂ ಸುಳಿವು ಸಿಗುತ್ತದೆ.

ತಲೆ ತಿರುಗಿಗೆ ಬರೆದ ಮಾತ್ರೆ ಯಾವುದು ಎಂದು ನೀವು ತಿಳಿಸಿಲ್ಲ. ಸಿನ್ನಾರಿಜಿನ್ ಅಥವಾ ಪ್ರೊಕ್ಲೋರ್‌ಪೆರಜಿನ್ ಆಗಿದ್ದರೆ ಅದನ್ನು ತಿಂಗಳುಗಟ್ಟಲೆ ಎಳೆಯಬೇಡಿ. ವಯಸ್ಸಾದವರಲ್ಲಿ ಇವು ಕೈನಡುಕ, ಮೈ ಬಿಗಿತ, ನಿಧಾನ ನಡಿಗೆ ತರುತ್ತವೆ, ಥೇಟ್ ಪಾರ್ಕಿನ್ಸನ್ ಹಾಗೆ. ಆಮೇಲೆ ಆ ನಡುಕಕ್ಕೊಂದು ಮಾತ್ರೆ ಬೀಳುತ್ತದೆ. ನಿಂತಾಗ ಬಿ.ಪಿ. ಇಳಿದು ಬರುವ ತಲೆ ತಿರುಗಿಗೆ ಇವುಗಳಿಂದ ಉಪಯೋಗವೂ ಇಲ್ಲ. ಅದೇ ರೀತಿ ಯಾರಾದರೂ ಕತ್ತಿನ ಎಕ್ಸ್‌ರೇ ತೆಗೆದು ‘ಸರ್ವೈಕಲ್’ ಎಂದರೆ ಅಲ್ಲಿಗೆ ನಿಲ್ಲಬೇಡಿ. 60 ದಾಟಿದ ಬಹುತೇಕ ಎಲ್ಲರ ಕತ್ತಿನ ಎಕ್ಸ್‌ರೇಯಲ್ಲೂ ಸವೆತ ಕಾಣುತ್ತದೆ.

ಆ ಹತ್ತು ನಿಮಿಷದ ಘಟನೆ ಮತ್ತೆ ಆದರೆ ಏನು ಮಾಡಬೇಕೆಂದು ಮನೆಯವರಿಗೆಲ್ಲ ಇವತ್ತೇ ಹೇಳಿಡಿ. ಗಡಿಯಾರ ನೋಡಿ, ಕೊನೆಯ ಬಾರಿ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಬೇಕು. ಸರಿಹೋಗುತ್ತದೋ ನೋಡೋಣ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ರಾತ್ರಿಯೂ ಸಿಟಿ ಸ್ಕ್ಯಾನ್ ನಡೆಯುವ ಆಸ್ಪತ್ರೆಗೇ ನೇರ ಹೋಗಬೇಕು, ನಡುವೆ ಕ್ಲಿನಿಕ್‌ನಲ್ಲಿ ಇಳಿಯುವುದು ಬೇಡ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ಗಂಟೆ. ದೊಡ್ಡ ನಾಳ ಕಟ್ಟಿದ್ದರೆ ತಂತಿ ಹಾಕಿ ಹೆಪ್ಪು ತೆಗೆಯುವುದಕ್ಕೆ ಇನ್ನೂ ಹೆಚ್ಚು ಸಮಯ ಸಿಗಬಹುದು. ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬಾರದು. ಆಸ್ಪಿರಿನ್ ಕೂಡ ಬೇಡ, ಒಳಗೆ ರಕ್ತಸ್ರಾವವೋ ತಡೆಯೋ ಸ್ಕ್ಯಾನ್ ಆಗದೆ ಗೊತ್ತಾಗುವುದಿಲ್ಲ. ಆ ಹೊತ್ತಿನಲ್ಲಿ ಬಿ.ಪಿ. 190 ಇದ್ದರೆ ಮನೆಯಲ್ಲಿ ಇಳಿಸಲು ಹೋಗಬೇಡಿ. ಕಟ್ಟಿದ ನಾಳದ ಆಚೆಗೆ ರಕ್ತ ತಳ್ಳಲು ಮೈ ತಾನೇ ಬಿ.ಪಿ. ಏರಿಸಿಕೊಂಡಿರುತ್ತದೆ. ಹಿಂದೆ ನಾಲಿಗೆಯಡಿಗೆ ನಿಫೆಡಿಪಿನ್ ಹನಿ ಬಿಡುವ ರೂಢಿ ಇತ್ತು, ಕೆಲವು ಮನೆಗಳಲ್ಲಿ ಆ ಕ್ಯಾಪ್ಸೂಲ್ ಈಗಲೂ ಇರುತ್ತದೆ. ಇದ್ದರೆ ಎಸೆಯಿರಿ. ಒಮ್ಮೆಲೇ ಬಿ.ಪಿ. ಕುಸಿದು ಬದುಕಬಹುದಾಗಿದ್ದ ಮೆದುಳಿನ ಭಾಗವೂ ಸಾಯುತ್ತದೆ.

ನಾಳೆ ಹೋಗುವಾಗ ಎಲ್ಲ ಮಾತ್ರೆಯ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಳ್ಳಿ, ಕಷಾಯ, ಚೂರ್ಣ ಇದ್ದರೆ ಅದನ್ನೂ. ಮತ್ತೆ, ನೀವು ನನಗೆ ಬರೆದ ಕ್ರಮದಲ್ಲಿ ಅಲ್ಲಿ ಹೇಳಬೇಡಿ. ಕೈ ಜೋಮಿನಿಂದ ಶುರುಮಾಡಿದರೆ ಐದು ನಿಮಿಷ ಅದರಲ್ಲೇ ಹೋಗುತ್ತದೆ, ಊಟದ ದಿನದ ಮಾತು ಬಾಗಿಲ ಚಿಲಕ ಹಿಡಿದಾಗ ನೆನಪಾಗುತ್ತದೆ. ಕುರ್ಚಿಯಲ್ಲಿ ಕೂತ ಕೂಡಲೇ ಮೊದಲು ಹೀಗೆ ಹೇಳಿ: ‘ಮೂರು ವಾರದ ಹಿಂದೆ ಊಟ ಮಾಡುವಾಗ ಬಲಗೈ ಬಿದ್ದುಹೋಯಿತು, ಮಾತು ನಿಂತಿತು, ಹತ್ತು ನಿಮಿಷಕ್ಕೆ ಸರಿಯಾಯಿತು.’